ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್: ಡಾರ್ಟರ್‌ನಲ್ಲಿ ಕೈಬಿಡದೆ ಕೊನೆವರೆಗೂ ಆಡುವುದು ಹೇಗೆ?

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅಂದರೆ ಚೌಕಗಳ ನಕ್ಷೆಯ ಮೇಲೆ ಸರದಿ ಪ್ರಕಾರ ಕಾಳಗ ಆಡುವ ವಿಡಿಯೋ ಗೇಮ್. ಡಾರ್ಟರ್ ಊರಿನ ಕಾಳಗದಲ್ಲಿ ಸೋತು ಈ ಗೇಮನ್ನೇ ಮೂಲೆಗೆ ತಳ್ಳಿದವರು ಕಡಿಮೆಯಿಲ್ಲ. ಕತೆ ಆಗಷ್ಟೇ ಶುರುವಾಗಿರುತ್ತದೆ. ಎದುರಿಗೆ ಮೂವರು ಬಿಲ್ಲುಗಾರರು, ಇಬ್ಬರು ಬ್ಲ್ಯಾಕ್ ಮೇಜ್‌ಗಳು (ದಾಳಿ ಮಂತ್ರ ಹಾಕುವವರು), ಒಬ್ಬ ನೈಟ್ (ಕತ್ತಿಯ ಯೋಧ). ಅದರಲ್ಲೂ ಒಬ್ಬ ಬಿಲ್ಲುಗಾರ ಮನೆಯ ಚಾವಣಿ ಮೇಲೆ ನಿಂತಿರುತ್ತಾನೆ. ನೀವು ಮೆಟ್ಟಿಲು ಹುಡುಕುವಷ್ಟರಲ್ಲಿ ನಿಮ್ಮ ಇಬ್ಬರು ನೆಲಕ್ಕೆ ಬಿದ್ದಿರುತ್ತಾರೆ. ಏನು ತಪ್ಪಾಯ್ತು ಅಂತ ಗೇಮ್ ಹೇಳುವುದಿಲ್ಲ.

ಇದರ ಒಳ್ಳೆಯದೂ ಕೆಟ್ಟದೂ ಒಂದೇ ಬೇರಿನಿಂದ ಬರುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಲೆಕ್ಕಾಚಾರದ ಪ್ರತಿ ಎಳೆಯನ್ನೂ ನಿಮ್ಮ ಕೈಗೆ ಕೊಡುತ್ತದೆ. ಆದರೆ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಗೇಮ್ ಎಲ್ಲಿ ಮೆಚ್ಚಿಸುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳುತ್ತಾ, ಹೇಗೆ ಆಡಬೇಕು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಕತೆಯ ದೊಡ್ಡ ತಿರುವುಗಳನ್ನು ಇಲ್ಲಿ ಬಿಟ್ಟುಕೊಟ್ಟಿಲ್ಲ.

ಹೆಜ್ಜೆ 1: ಯಾವ ಆವೃತ್ತಿ ತಗೋಬೇಕು?

ಮೂಲ ಗೇಮ್ 1997ರ ಜೂನ್‌ನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ಬಂತು. ಯಾಸುಮಿ ಮತ್ಸುನೊ ಅದರ ನಿರ್ದೇಶಕ, ಕತೆಯೂ ಅವರದೇ. 2007ರಲ್ಲಿ ಪಿಎಸ್‌ಪಿಗೆ 'ದಿ ವಾರ್ ಆಫ್ ದಿ ಲಯನ್ಸ್' ಅನ್ನುವ ಹೆಸರಲ್ಲಿ ಮತ್ತೆ ಬಂತು. ಅದೇ ಆವೃತ್ತಿ ಆಮೇಲೆ ಐಫೋನ್‌ಗೂ ಆಂಡ್ರಾಯ್ಡ್‌ಗೂ ಬಂತು. 2025ರ ಸೆಪ್ಟೆಂಬರ್ 30ಕ್ಕೆ 'ದಿ ಐವಲೀಸ್ ಕ್ರಾನಿಕಲ್ಸ್' ಬಿಡುಗಡೆಯಾಯಿತು. ಅದು ಪ್ಲೇಸ್ಟೇಷನ್ 4, 5, ಎರಡೂ ಸ್ವಿಚ್‌ಗಳು, ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಪಿಸಿಯಲ್ಲಿ ಸಿಗುತ್ತದೆ. ಮೂಲ ಗೇಮಿನ ಸೋರ್ಸ್ ಕೋಡ್ ಕಂಪನಿಯ ಹತ್ತಿರ ಉಳಿದೇ ಇರಲಿಲ್ಲ. ಹಳೆಯ ಆವೃತ್ತಿಗಳನ್ನು ಮುಂದಿಟ್ಟುಕೊಂಡು ಮತ್ತೆ ಕಟ್ಟಿದ್ದಾರೆ.

ಹೊಸಬರಿಗೆ ನನ್ನ ಸಲಹೆ ನೇರ: ಕ್ರಾನಿಕಲ್ಸ್ ತಗೊಳ್ಳಿ, ಅದರಲ್ಲಿ 'ಎನ್‌ಹಾನ್ಸ್ಡ್' ಆಯ್ಕೆ ಮಾಡಿ, ಕಷ್ಟದ ಮಟ್ಟಗಳಲ್ಲಿ ನಡುವಿನದಾದ 'ನೈಟ್'ನಲ್ಲಿ ಶುರು ಮಾಡಿ. ಯಾರ ಸರದಿ ಯಾವಾಗ ಅನ್ನುವ ಪಟ್ಟಿ ಪರದೆಯ ಮೇಲೇ ಕಾಣುತ್ತದೆ. ತಪ್ಪಾಗಿ ನಡೆದರೆ, ಏಟು ಹೊಡೆಯುವ ಮೊದಲು ವಾಪಸ್ ಬರಬಹುದು. ಆಟೋಸೇವ್ ಇದೆ. ಸಂಭಾಷಣೆಗೆಲ್ಲ ದನಿ ಇದೆ. ಈ ನಾಲ್ಕೂ ಹಳೆಯ ಗೇಮಿನಲ್ಲಿ ಇದ್ದಿದ್ದರೆ ಡಾರ್ಟರ್‌ನಲ್ಲಿ ಬಿಟ್ಟುಹೋದವರು ಎಷ್ಟೋ ಜನ ಉಳಿಯುತ್ತಿದ್ದರು.

ಕೊರತೆಯೂ ಇದೆ. 2007ರ ಆವೃತ್ತಿಯಲ್ಲಿ ಸೇರಿಸಿದ್ದ ಡಾರ್ಕ್ ನೈಟ್, ಆನಿಯನ್ ನೈಟ್ ಜಾಬ್‌ಗಳು (ಯೋಧರಿಗೆ ಕೊಡುವ ಕಸುಬುಗಳು), ಬಾಲ್ತಿಯರ್ ಮತ್ತು ಲೂಸೊ ಪಾತ್ರಗಳು ಹೊಸದರಲ್ಲಿ ಇಲ್ಲ. ಅವೇ ಬೇಕು ಅನ್ನುವವರು ಫೋನ್ ಆವೃತ್ತಿಗೆ ಹೋಗಬೇಕು. ಅಲ್ಲಿ ಸಣ್ಣ ಪರದೆಯ ಮೇಲೆ ಬೆರಳಲ್ಲಿ ಚೌಕ ಆರಿಸುವುದು ಕಿರಿಕಿರಿ. ಪಿಎಸ್‌ಪಿಯಲ್ಲಿ ಆಡುವವರಿಗೆ ಬೇರೆ ತಾಪತ್ರಯ. ಮಂತ್ರ ಹಾಕಿದಾಗಲೆಲ್ಲ ಗೇಮ್ ತೆವಳುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಗೈಡ್‌ಗಳನ್ನು ಓದುವಾಗ ಹೆಸರುಗಳು ಬೇರೆ ಇರುತ್ತವೆ. ಮೊದಲ ಆವೃತ್ತಿಯ ಆಲ್ಗಸ್ ಈಗ ಆರ್ಗಾತ್. ರಾಫಾಳ ಹೆಸರಿನ ಇಂಗ್ಲಿಷ್ ಕಾಗುಣಿತ Rafa ಇದ್ದದ್ದು ಈಗ Rapha. ಪ್ರೀಸ್ಟ್ ಈಗ ವೈಟ್ ಮೇಜ್ (ಗಾಯ ವಾಸಿ ಮಾಡುವ ಮಾಂತ್ರಿಕ), ಕ್ಯಾಲ್ಕ್ಯುಲೇಟರ್ ಈಗ ಅರಿತ್‌ಮೆಟಿಶಿಯನ್. ಗಾಬರಿ ಬೀಳಬೇಡಿ, ಎಲ್ಲ ಅವರೇ.

ಹೆಜ್ಜೆ 2: ಗಡಿಯಾರ ಓದಲು ಕಲಿಯಿರಿ

ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಿರಿ. ಈ ಗೇಮಿನಲ್ಲಿ 'ನಮ್ಮ ಸರದಿ, ಅವರ ಸರದಿ' ಅನ್ನುವುದಿಲ್ಲ. ಪ್ರತಿಯೊಬ್ಬ ಯೋಧನಿಗೂ ಸಿ.ಟಿ. ಅನ್ನುವ ಒಂದು ಮೀಟರ್ ಇರುತ್ತದೆ. ಗೇಮಿನ ಗಡಿಯಾರ ಒಂದು ಟಿಕ್ ಮುಂದೆ ಹೋದಾಗಲೆಲ್ಲ ಆ ಮೀಟರ್‌ಗೆ ಅವನ ಸ್ಪೀಡ್ ಅಂಕಿ ಸೇರುತ್ತದೆ. 100 ಮುಟ್ಟಿದವನಿಗೆ ಸರದಿ.

ಒಂದು ಲೆಕ್ಕ ನೋಡಿ. ಸ್ಪೀಡ್ 10 ಇರುವ ಒಬ್ಬನಿದ್ದಾನೆ ಅಂದುಕೊಳ್ಳಿ. ಅವನು ನಡೆದು, ಹೊಡೆದು, ಎರಡೂ ಮಾಡಿದರೆ ಮೀಟರ್ ಸೊನ್ನೆಗೆ ಬೀಳುತ್ತದೆ. ಮುಂದಿನ ಸರದಿಗೆ 10 ಟಿಕ್ ಕಾಯಬೇಕು. ಬರೀ ನಡೆದರೆ, ಅಥವಾ ನಿಂತಲ್ಲೇ ಹೊಡೆದರೆ, ಮೀಟರ್‌ನಲ್ಲಿ 20 ಉಳಿಯುತ್ತದೆ. 8 ಟಿಕ್ ಸಾಕು. ಎರಡೂ ಮಾಡದೆ ಸುಮ್ನೆ ನಿಂತರೆ 40 ಉಳಿಯುತ್ತದೆ, 6 ಟಿಕ್‌ನಲ್ಲಿ ಮತ್ತೆ ಅವನದೇ ಸರದಿ.

ಅಂದರೆ ಸುಮ್ಮನೆ ನಿಲ್ಲುವುದೂ ಒಂದು ನಡೆ. ಹೊಸಬರು ಎಡವುವುದು ಇಲ್ಲೇ. ಸರದಿ ಬಂದ ಕೂಡಲೇ ಓಡಿಹೋಗಿ ಶತ್ರುವಿನ ಎದುರು ನಿಲ್ಲುತ್ತಾರೆ. ಏಟು ಹೊಡೆಯುವಷ್ಟು ಹತ್ತಿರ ಹೋಗಲು ಆಗಿರುವುದಿಲ್ಲ. ಆಮೇಲೆ ಶತ್ರುಗಳು ಒಬ್ಬೊಬ್ಬರಾಗಿ ಬಂದು ಚಚ್ಚುತ್ತಾರೆ. ಮೊದಲ ಸರದಿಯಲ್ಲಿ ನಾಲ್ಕು ಚೌಕ ಹಿಂದೆ ಸರಿದು ನಿಂತರೆ ಅವರೇ ನಿಮ್ಮ ಹತ್ತಿರ ಬರುತ್ತಾರೆ, ಅದೂ ಚದುರಿಕೊಂಡು.

ಮಂತ್ರಗಳಿಗೂ ಇದೇ ಗಡಿಯಾರ. ಹಳೆಯ ಆವೃತ್ತಿಗಳ ಲೆಕ್ಕದಲ್ಲಿ ಮೊದಲ ಫೈರ್‌ಗೆ 4 ಟಿಕ್, ದೊಡ್ಡ ಫೈರಗಾಗೆ 7 ಟಿಕ್. ಅಷ್ಟರೊಳಗೆ ಗುರಿಯಿಟ್ಟವನ ಸರದಿ ಬಂದರೆ ಅವನು ಜಾಗ ಬದಲಿಸುತ್ತಾನೆ. ಮಂತ್ರ ಹಾಕುವಾಗ 'ಚೌಕಕ್ಕೆ' ಅಥವಾ 'ವ್ಯಕ್ತಿಗೆ' ಅಂತ ಎರಡು ಆಯ್ಕೆ ಬರುತ್ತವೆ. ವ್ಯಕ್ತಿಗೆ ಕಟ್ಟಿದರೆ ಬೆಂಕಿ ಅವನ ಹಿಂದೆಯೇ ಹೋಗುತ್ತದೆ. ಆದರೆ ಅವನು ಓಡಿಬಂದು ನಿಮ್ಮ ಮೂವರ ನಡುವೆ ನಿಂತರೆ? ನಿಮ್ಮವರೂ ಸುಡುತ್ತಾರೆ. ಈ ಗೇಮಿನ ಬೆಂಕಿಗೆ ನಮ್ಮವರು ತಮ್ಮವರು ಅನ್ನುವುದಿಲ್ಲ. ಅದಕ್ಕೇ ಮಂತ್ರ ಖಚಿತಪಡಿಸುವ ಮೊದಲು ಸರದಿ ಪಟ್ಟಿಯಲ್ಲಿ ಅದು ಎಷ್ಟನೆಯದು ಅಂತ ನೋಡಿ. ಗುರಿಯ ಹೆಸರು ಅದಕ್ಕಿಂತ ಮೇಲಿದ್ದರೆ ಸಣ್ಣ ಮಂತ್ರ ಹಾಕಿ.

ನನಗೆ ಈ ಗೇಮ್ ಇಷ್ಟವಾಗಲು ಮೊದಲ ಕಾರಣ ಈ ಗಡಿಯಾರವೇ. ಅದು ಅರ್ಥವಾದ ಮೇಲೆ ಪ್ರತಿ ಕಾಳಗವೂ ಬೇರೆಯಾಗಿ ಕಾಣುತ್ತದೆ.

ಹೆಜ್ಜೆ 3: ಎತ್ತರ, ಬೆನ್ನು, ಮತ್ತು ತಲೆ ಮೇಲಿನ 3

ಪ್ರತಿ ನಕ್ಷೆಗೂ ಎತ್ತರವಿದೆ. ಬಿಲ್ಲು ಎತ್ತರದಿಂದ ಹೂಡಿದರೆ ಬಾಣ ಹೆಚ್ಚು ದೂರ ಹೋಗುತ್ತದೆ. ಡಾರ್ಟರ್‌ನ ಚಾವಣಿ ಬಿಲ್ಲುಗಾರ ಅಷ್ಟು ಕಾಡುವುದು ಅದಕ್ಕೇ. ಮೊದಲು ಅವನನ್ನು ಇಳಿಸಿ, ಆಮೇಲೆ ಉಳಿದವರು. ಇಬ್ಬರನ್ನು ಮೇಲೆ ಹತ್ತಿಸಿ, ಉಳಿದವರು ಗೋಡೆಯ ಮರೆಯಲ್ಲಿ ನಿಂತು ಮಾಂತ್ರಿಕರು ಕೆಳಗೆ ಬರುವವರೆಗೂ ಕಾಯಲಿ. ಅತಿಥಿಗಳಾಗಿ ಜೊತೆಗಿರುವ ಡೆಲಿಟಾ, ಆರ್ಗಾತ್ ನಿಮ್ಮ ಮಾತು ಕೇಳುವುದಿಲ್ಲ, ಮುನ್ನುಗ್ಗುತ್ತಾರೆ. ನುಗ್ಗಲಿ ಬಿಡಿ. ಏಟು ಅವರ ಮೇಲೆ ಬಿದ್ದಷ್ಟೂ ನಿಮಗೆ ಲಾಭ.

ಸರದಿ ಮುಗಿಸುವಾಗ ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು ಅಂತ ಗೇಮ್ ಕೇಳುತ್ತದೆ. ಬೇಜಾರು ಮಾಡಿಕೊಂಡು ಬಟನ್ ಒತ್ತಿ ಮುಂದೆ ಹೋಗಬೇಡಿ. ಬೆನ್ನ ಹಿಂದಿನಿಂದ ಬಂದ ಏಟಿಗೆ ಗುರಾಣಿ ಇದ್ದರೂ ಇಲ್ಲದ ಹಾಗೆ. ಬೆನ್ನಿಗೆ ಗೋಡೆ ಇರುವ ಹಾಗೆ ನಿಲ್ಲುವುದು ಒಳ್ಳೆಯ ಅಭ್ಯಾಸ.

ನಿಮ್ಮವನು ಬಿದ್ದರೆ ತಲೆಯ ಮೇಲೆ 3 ಅನ್ನುವ ಅಂಕಿ ಬರುತ್ತದೆ. ಅವನ ಸರದಿ ಬಂದಾಗಲೆಲ್ಲ ಅದು ಒಂದೊಂದು ಇಳಿಯುತ್ತದೆ. ಎಣಿಕೆ ಮುಗಿದರೆ ಅವನು ಹರಳಾಗಿಯೋ ಪೆಟ್ಟಿಗೆಯಾಗಿಯೋ ಮಾರ್ಪಡುತ್ತಾನೆ, ಮತ್ತೆ ಬರುವುದಿಲ್ಲ. ಅದಕ್ಕೆ ಶುರುವಿನಿಂದಲೇ ಇಬ್ಬರಿಗಾದರೂ ಔಷಧಿ ಬಳಸುವ ಕೆಮಿಸ್ಟ್ ಜಾಬ್‌ನಲ್ಲಿ, ಬಿದ್ದವರನ್ನು ಎಬ್ಬಿಸುವ ಫೀನಿಕ್ಸ್ ಡೌನ್ ಬಳಸುವುದನ್ನು ಕಲಿಸಿ. ವೈಟ್ ಮೇಜ್‌ನ ರೈಸ್ ಮಂತ್ರ ಇದೆಯಲ್ಲ ಅನ್ನಬಹುದು. ಅದಕ್ಕೆ ಕಾಯಬೇಕು, ಮೇಲಾಗಿ ತಾಗದೇ ಇರಲೂಬಹುದು. ಫೀನಿಕ್ಸ್ ಡೌನ್‌ಗೆ ಕಾಯುವುದೇ ಬೇಡ. ಆಟದ ಮೊದಲರ್ಧದಲ್ಲಿ ನನ್ನ ಪ್ರಕಾರ ಕೆಮಿಸ್ಟ್‌ನಷ್ಟು ಉಪಯೋಗಕ್ಕೆ ಬರುವವರು ಬೇರೆ ಯಾರೂ ಇಲ್ಲ. ಬಂದೂಕು ಸಿಕ್ಕ ಮೇಲಂತೂ ದೂರ ನಿಂತೇ ಎರಡೂ ಕೆಲಸ ಮಾಡುತ್ತಾನೆ.

ಹೆಜ್ಜೆ 4: ಜಾಬ್‌ಗಳ ಸಂತೆಯಲ್ಲಿ ಕಳೆದುಹೋಗದಿರಿ

ಸಾಮಾನ್ಯ ಯೋಧರಿಗೆ ಒಟ್ಟು 20 ಜಾಬ್‌ಗಳಿವೆ. ಸ್ಕ್ವಯರ್‌ನಿಂದ ನೈಟ್, ಆರ್ಚರ್. ಕೆಮಿಸ್ಟ್‌ನಿಂದ ವೈಟ್ ಮೇಜ್, ಬ್ಲ್ಯಾಕ್ ಮೇಜ್. ಅಲ್ಲಿಂದ ಮಾಂಕ್, ಥೀಫ್, ಟೈಮ್ ಮೇಜ್, ಡ್ರ್ಯಾಗೂನ್, ಸಮುರಾಯ್, ನಿಂಜಾ ಅಂತ ಕೊಂಬೆಗಳು ಹರಡುತ್ತವೆ. ಒಂದು ಜಾಬ್‌ನಲ್ಲಿ ಕಲಿತ ವಿದ್ಯೆಯನ್ನು ಇನ್ನೊಂದರಲ್ಲಿ ಬಳಸಬಹುದು. ಪ್ರತಿಯೊಬ್ಬನಿಗೂ ಐದು ಜಾಗ ಇರುತ್ತವೆ: ಸ್ವಂತ ಜಾಬ್‌ನ ವಿದ್ಯೆ, ಇನ್ನೊಂದು ಜಾಬ್‌ನಿಂದ ತಂದ ವಿದ್ಯೆ, ಏಟು ಬಿದ್ದಾಗ ತಾನೇ ತಾನಾಗಿ ಮಾಡುವ ಪ್ರತಿಕ್ರಿಯೆ, ಸದಾ ಜೊತೆಗಿರುವ ಒಂದು ಬೆಂಬಲ, ಮತ್ತು ನಡೆಯುವುದಕ್ಕೆ ಸಂಬಂಧಿಸಿದ ಒಂದು ಗುಣ.

ಇದು ಈ ಗೇಮಿನ ಜೀವಾಳ. ನಿಂಜಾನ ಎರಡು ಕತ್ತಿ ಹಿಡಿಯುವ ವಿದ್ಯೆಯನ್ನು ನೈಟ್‌ಗೆ ಕೊಡಬಹುದು. ಟೈಮ್ ಮೇಜ್‌ನ ಟೆಲಿಪೋರ್ಟ್ ಕಲಿತ ಮಾಂಕ್ ಗೋಡೆಗಳನ್ನು ಲೆಕ್ಕಿಸದೆ ಶತ್ರುವಿನ ಪಕ್ಕ ಹೋಗಿ ನಿಲ್ಲಬಹುದು. ಇಂಥ ಜೋಡಣೆ ಹುಡುಕುತ್ತಾ ಕೂತರೆ ಕಾಳಗ ಆಡುವುದಕ್ಕಿಂತ ಮೆನುವಿನಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ನನಗೆ ಅದರಲ್ಲೇನೂ ತಪ್ಪು ಕಾಣುವುದಿಲ್ಲ.

ಆದರೆ ಶುರುವಿನಲ್ಲಿ ಹೀಗೆ ಮಾಡಿ:

ಎಲ್ಲರೂ ಮೊದಲು ಸ್ಕ್ವಯರ್‌ನ 'ಜೆಪಿ ಬೂಸ್ಟ್' ಕಲಿಯಲಿ. ಜೆಪಿ ಅಂದರೆ ವಿದ್ಯೆ ಕೊಳ್ಳುವ ಅಂಕ. ಈ ಬೆಂಬಲ ಇದ್ದರೆ ಅದು ಹೆಚ್ಚು ಸಿಗುತ್ತದೆ. ಇದನ್ನು ತಡವಾಗಿ ಕಲಿತಷ್ಟೂ ನಷ್ಟ.

ಆಮೇಲೆ 'ಮೂವ್ +1'. ಒಂದು ಚೌಕ ಜಾಸ್ತಿ ಅನ್ನುವುದು ಸಣ್ಣದಾಗಿ ಕಾಣುತ್ತದೆ, ಆದರೆ ಚಾವಣಿ ಹತ್ತುವಾಗ ಗೊತ್ತಾಗುತ್ತದೆ.

ಒಬ್ಬನನ್ನು ಮಾಂಕ್ ಕಡೆಗೆ ತಳ್ಳಿ. ಆಯುಧಕ್ಕೆ ದುಡ್ಡು ಬೇಡ, ದೂರದಿಂದ ಹೊಡೆಯುತ್ತಾನೆ, ಚಕ್ರ ವಿದ್ಯೆಯಿಂದ ಅಕ್ಕಪಕ್ಕದವರ ಗಾಯ ವಾಸಿ ಮಾಡುತ್ತಾನೆ, ಬಿದ್ದವರನ್ನು ಎಬ್ಬಿಸುತ್ತಾನೆ.

ಒಬ್ಬ ಒಂದು ಜಾಬ್‌ನಲ್ಲಿ ಜೆಪಿ ಗಳಿಸಿದರೆ, ಅದೇ ಕಾಳಗದಲ್ಲಿರುವ ಉಳಿದವರಿಗೂ ಆ ಜಾಬ್‌ನಲ್ಲಿ ಕಾಲು ಭಾಗ ಸೇರುತ್ತದೆ. ಹಾಗಾಗಿ ಐದು ಜನರಿಗೆ ಐದು ಬೇರೆ ಜಾಬ್ ಕೊಟ್ಟರೆ ಎಲ್ಲರಿಗೂ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬರುತ್ತದೆ. ಗೇಮ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೆಜ್ಜೆ 5: ಬ್ರೇವ್, ಫೇಯ್ತ್, ರಾಶಿ

ಪ್ರತಿಯೊಬ್ಬನ ಹೆಸರಿನ ಪಕ್ಕ ಬ್ರೇವ್ (ಧೈರ್ಯ), ಫೇಯ್ತ್ (ನಂಬಿಕೆ) ಅಂತ ಎರಡು ಅಂಕಿ ಇರುತ್ತವೆ. ಹೊಸಬರು ಇವನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಅಲ್ಲ.

ಬ್ರೇವ್ ಅಂದರೆ ಹೆಚ್ಚಿನ ಪ್ರತಿಕ್ರಿಯೆಗಳು ನಡೆಯುವ ಸಾಧ್ಯತೆ, ನೇರ ಶೇಕಡಾ ಲೆಕ್ಕದಲ್ಲಿ. ಬ್ರೇವ್ 70 ಇದ್ದವನಿಗೆ ತಿರುಗಿ ಹೊಡೆಯುವ ವಿದ್ಯೆ ಕೊಟ್ಟರೆ 100ಕ್ಕೆ 70 ಸಲ ನಡೆಯುತ್ತದೆ. ಬರಿಗೈಯ ಏಟಿಗೂ ಇದೇ ಅಂಕಿ ಬಲ.

ಫೇಯ್ತ್ ಎರಡೂ ಕಡೆ ಹರಿತ. ಮಂತ್ರ ಹಾಕುವವನ ಫೇಯ್ತ್ 70, ತಾಗುವವನದೂ 70 ಆದರೆ ಮಂತ್ರದ ಪೂರ್ತಿ ಬಲದಲ್ಲಿ 49 ಭಾಗ ತಾಗುತ್ತದೆ. 0.7ನ್ನು 0.7ರಿಂದ ಗುಣಿಸಿ ನೋಡಿ. ತಾಗುವವನ ಫೇಯ್ತ್ 40 ಆಗಿದ್ದರೆ ಬರೀ 28. ಹಾಗಾಗಿ ಮಾಂತ್ರಿಕರಿಗೆ ಫೇಯ್ತ್ ಜಾಸ್ತಿ ಇರಲಿ. ಮುಂದೆ ನಿಲ್ಲುವ ಯೋಧರಿಗೆ ಕಡಿಮೆ ಇದ್ದರೆ ಶತ್ರುವಿನ ಬೆಂಕಿ ಅಷ್ಟಾಗಿ ಸುಡುವುದಿಲ್ಲ. ಆದರೆ ನಿಮ್ಮದೇ ವೈಟ್ ಮೇಜ್‌ನ ಔಷಧಿ ಮಂತ್ರವೂ ಅವರಿಗೆ ಅಷ್ಟಕ್ಕಷ್ಟೆ. ಅಂಥವರಿಗೆ ಪೋಷನ್ (ಔಷಧಿ ಶೀಶೆ) ಕೊಡಿ.

ಈ ಅಂಕಿಗಳನ್ನು ಆರೇಟರ್ ಜಾಬ್‌ನವರು ಮಾತಿನಿಂದ ಏರಿಸಬಹುದು, ಇಳಿಸಬಹುದು. ಕಾಳಗದಲ್ಲಿ ಆದ ಬದಲಾವಣೆಯ ಕಾಲು ಭಾಗ ಶಾಶ್ವತವಾಗಿ ಉಳಿಯುತ್ತದೆ. ಆಸೆಗೆ ಬಿದ್ದು ಫೇಯ್ತನ್ನು ಶಾಶ್ವತವಾಗಿ 95 ಮುಟ್ಟಿಸಿದರೆ ಆ ವ್ಯಕ್ತಿ ದೇವರನ್ನು ಹುಡುಕಿಕೊಂಡು ತಂಡ ಬಿಟ್ಟೇ ಹೋಗುತ್ತಾನೆ. 84ಕ್ಕೆ ನಿಲ್ಲಿಸುವುದು ಕ್ಷೇಮ.

ಇನ್ನು ರಾಶಿ. ಇದನ್ನು ನಮಗೆ ವಿವರಿಸಬೇಕಾಗಿಯೇ ಇಲ್ಲ. ಮದುವೆಗೆ ಮೊದಲು ಜಾತಕ ಕೂಡಿಸುವ ಹಾಗೆ ಇಲ್ಲಿ ಹೊಡೆಯುವ ಮೊದಲು ರಾಶಿ ಕೂಡಿಸಬೇಕು. ಮೇಷದವನಿಗೆ ಸಿಂಹ, ಧನು ಹೊಂದುತ್ತವೆ. ಏಟು, ಮಂತ್ರ, ಔಷಧಿ ಎಲ್ಲ ಕಾಲು ಪಟ್ಟು ಜಾಸ್ತಿ ತಾಗುತ್ತವೆ. ಕರ್ಕಾಟಕ, ಮಕರ ಹೊಂದುವುದಿಲ್ಲ. ಕಾಲು ಪಟ್ಟು ಕಡಿಮೆ. ಎದುರು ರಾಶಿ ತುಲಾ ಆದರೆ ಇಬ್ಬರೂ ಒಂದೇ ಲಿಂಗದವರಾಗಿದ್ದರೆ ಅರ್ಧ, ಬೇರೆಯಾಗಿದ್ದರೆ ಒಂದೂವರೆ ಪಟ್ಟು. ಆಟದ ಶುರುವಿನಲ್ಲಿ ನಾಯಕ ರಾಮ್ಜಾನ ಹುಟ್ಟಿದ ದಿನ ಕೇಳುವುದು ಇದಕ್ಕೇ. ನಿಮ್ಮ ಹುಟ್ಟಿದ ದಿನ ಹಾಕಿ, ಮನೆಯ ಜಾತಕದ ರಾಶಿ ಬರಲಿಲ್ಲ ಅಂತ ಗೊಂದಲಪಡಬೇಡಿ. ನಮ್ಮಲ್ಲಿ ಚಂದ್ರನ ಲೆಕ್ಕ, ಅಲ್ಲಿ ಪಶ್ಚಿಮದವರ ಸೂರ್ಯನ ಲೆಕ್ಕ.

ಪ್ರತಿ ಏಟಿಗೂ ರಾಶಿ ನೋಡುತ್ತಾ ಕೂರುವುದು ಬೇಡ. ಬಾಸ್ ಎದುರು ಬಂದಾಗ, 'ಇವನ ಏಟು ಇಷ್ಟೇ ಯಾಕೆ ತಾಗಿತು' ಅನ್ನಿಸಿದಾಗ ನೋಡಿದರೆ ಸಾಕು. ನಿಜ ಹೇಳಬೇಕೆಂದರೆ ರಾಶಿಯ ಲೆಕ್ಕವನ್ನು ಗೇಮಿನಿಂದ ತೆಗೆದುಹಾಕಿದ್ದರೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆಟಗಾರ ತೀರ್ಮಾನ ಮಾಡುವಂಥದ್ದು ಅದರಲ್ಲಿ ಕಡಿಮೆ, ತಲೆನೋವೇ ಜಾಸ್ತಿ.

ಹೆಜ್ಜೆ 6: ಲೆವೆಲ್ ಹಿಂದೆ ಓಡಬೇಡಿ

ಸೋತ ಕೂಡಲೇ ಮ್ಯಾಂಡೇಲಿಯಾ ಬಯಲಿಗೆ ಹೋಗಿ ಗಂಟೆಗಟ್ಟಲೆ ಲೆವೆಲ್ ಏರಿಸುವುದು ಸಹಜ ಆಸೆ. ಆದರೆ ದಾರಿಯಲ್ಲಿ ಎದುರಾಗುವ ಕಾಳಗಗಳಲ್ಲಿ ಶತ್ರುಗಳ ಲೆವೆಲ್ ನಿಮ್ಮ ಜೊತೆಗೇ ಏರುತ್ತದೆ. ನಿಮಗೆ ಲೆವೆಲ್ ಏರಿ, ಅಂಗಡಿಯಲ್ಲಿ ಮಾತ್ರ ಹಳೆಯ ಕತ್ತಿಗಳೇ ಇದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಗಳಿಸಬೇಕಾದದ್ದು ಲೆವೆಲ್ ಅಲ್ಲ, ಜೆಪಿ. ಯಾವುದೋ ಒಂದು ಒಳ್ಳೆಯ ವಿದ್ಯೆಗೆ ಸ್ವಲ್ಪ ಜೆಪಿ ಸಾಲದಿದ್ದರೆ ಒಂದೆರಡು ಕಾಳಗ ಆಡಿ, ಕಲಿತು, ಮುಂದೆ ಹೋಗಿ.

ಇಲ್ಲಿ ಗೇಮಿನ ಒಂದು ದೊಡ್ಡ ದೋಷ ಹೇಳಲೇಬೇಕು. ಪ್ರತಿ ಕ್ರಿಯೆಗೂ ಜೆಪಿ ಸಿಗುವುದರಿಂದ, ಕೊನೆಯ ಶತ್ರುವನ್ನು ಸಾಯಿಸದೆ ಉಳಿಸಿಕೊಂಡು, ನಿಮ್ಮವರೇ ನಿಮ್ಮವರಿಗೆ ಕಲ್ಲು ಹೊಡೆಯುತ್ತಾ ಕೂತರೂ ಜೆಪಿ ಬರುತ್ತದೆ. ಇಷ್ಟು ಬುದ್ಧಿವಂತ ಗೇಮ್ ಇಷ್ಟು ಪೆದ್ದು ಕೆಲಸಕ್ಕೆ ಬಹುಮಾನ ಕೊಡುತ್ತದೆ. ಮಾಡಬೇಡಿ ಅಂತ ನಾನು ಹೇಳಿದರೂ ಒಂದಲ್ಲ ಒಂದು ದಿನ ಮಾಡೇ ಮಾಡುತ್ತೀರಿ.

ಹೆಜ್ಜೆ 7: ಕತೆಯ ಎಳೆ ಕೈತಪ್ಪದಂತೆ

ಐವಲೀಸ್ ರಾಜ್ಯದ ದೊರೆ ಸತ್ತಿದ್ದಾನೆ. ಪಟ್ಟಕ್ಕಾಗಿ ಲಾರ್ಗ್ ಮತ್ತು ಗೋಲ್ಟಾನಾ ಅನ್ನುವ ಇಬ್ಬರು ಡ್ಯೂಕ್‌ಗಳ ನಡುವೆ ಯುದ್ಧ. ಹದಿನೈದನೇ ಶತಮಾನದ ಇಂಗ್ಲೆಂಡಿನ ಗುಲಾಬಿಗಳ ಯುದ್ಧದ ನೆರಳು ಇದರ ಮೇಲಿದೆ. ರಾಮ್ಜಾ ದೊಡ್ಡ ಮನೆತನದ ಹುಡುಗ. ಅವನ ಗೆಳೆಯ ಡೆಲಿಟಾ ಅದೇ ಮನೆಯಲ್ಲಿ ಬೆಳೆದ, ಕೆಳಗಿನ ವರ್ಗದ ಹುಡುಗ. ಮೊದಲ ಅಧ್ಯಾಯ ಮುಗಿಯುವಾಗ ಇಬ್ಬರ ದಾರಿ ಬೇರೆಯಾಗುತ್ತದೆ. ಯಾರ ಜೀವಕ್ಕೆ ಬೆಲೆ ಇದೆ, ಯಾರದಕ್ಕೆ ಇಲ್ಲ ಅನ್ನುವ ಪ್ರಶ್ನೆ ಅಲ್ಲಿಂದ ಕೊನೆಯವರೆಗೂ ಬಿಡುವುದಿಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದನ್ನು ಕಂಡ ನಮ್ಮ ಓದುಗರಿಗೆ ಡೆಲಿಟಾನ ಸಿಟ್ಟು ದೂರದ್ದು ಅನ್ನಿಸುವುದಿಲ್ಲ, ಅಲ್ವಾ?

ಕಷ್ಟ ಇರುವುದು ಹೆಸರುಗಳಲ್ಲಿ. ಡ್ಯೂಕ್, ಕಾರ್ಡಿನಲ್, ಮಾರ್ಕ್ವಿಸ್, ನೈಟ್‌ಗಳ ಪಡೆಗಳು, ಚರ್ಚು, ಹನ್ನೆರಡು ರಾಶಿಯ ಕಲ್ಲುಗಳು. ಮೂರನೇ ಅಧ್ಯಾಯದ ಹೊತ್ತಿಗೆ ಯಾರು ಯಾರ ಪರ ಅನ್ನುವುದು ಕಲಸಿಹೋಗುತ್ತದೆ. 2007ರ ಆವೃತ್ತಿಯ ಇಂಗ್ಲಿಷ್ ಹಳೆಯ ನಾಟಕಗಳ ಶೈಲಿಯದು. ಚೆನ್ನಾಗಿದೆ, ಆದರೆ ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಒಂದೊಂದು ಸಾಲನ್ನೂ ಎರಡು ಸಲ ಓದುವ ಹಾಗಾಗುತ್ತದೆ. ಹೊಸ ಆವೃತ್ತಿಯಲ್ಲಿ ದನಿಯ ಏರಿಳಿತ ಕೇಳಿಸುವುದರಿಂದ ಅರ್ಥ ಹಿಡಿಯುವುದು ಸುಲಭ. ಎಲ್ಲ ಆವೃತ್ತಿಗಳ ಮೆನುವಿನಲ್ಲೂ ಪಾತ್ರಗಳ ಪರಿಚಯದ ಪಟ್ಟಿ ಇದೆ. ಕತೆ ಮುಂದೆ ಹೋದ ಹಾಗೆ ಅದೂ ಬದಲಾಗುತ್ತದೆ. ಪ್ರತಿ ದೊಡ್ಡ ಕಾಳಗದ ನಂತರ ಅದನ್ನೊಮ್ಮೆ ತೆರೆದು ನೋಡಿ.

ಕತೆಯಲ್ಲಿ ನನಗೆ ಸಿಟ್ಟು ತರಿಸುವ ಒಂದು ಸಂಗತಿ ಇದೆ. ಅಗ್ರಿಯಾಸ್‌ನಂಥ ಒಳ್ಳೆಯ ಪಾತ್ರಗಳು ತಂಡ ಸೇರುವವರೆಗೆ ಗಟ್ಟಿಯಾಗಿ ಮಾತಾಡುತ್ತಾರೆ. ಸೇರಿದ ಮೇಲೆ ಬಹುತೇಕ ಮೂಕರಾಗುತ್ತಾರೆ. ಅವರು ಯಾವ ಕಾಳಗದಲ್ಲಾದರೂ ಶಾಶ್ವತವಾಗಿ ಸಾಯಬಹುದು, ಹಾಗಾಗಿ ಮುಂದಿನ ದೃಶ್ಯಗಳು ಅವರನ್ನು ನಂಬಿ ನಿಲ್ಲುವಂತಿಲ್ಲ. ಕಾರಣ ಅರ್ಥವಾಗುತ್ತದೆ, ಆದರೂ ಕೊರತೆ ಕೊರತೆಯೇ. ಹೊಸ ಆವೃತ್ತಿಯಲ್ಲಿ ಕಾಳಗದ ನಡುವೆ ಕೆಲವು ಮಾತು ಸೇರಿಸಿ ಸ್ವಲ್ಪ ತೇಪೆ ಹಾಕಿದ್ದಾರೆ.

ಅಕಿಹಿಕೊ ಯೋಶಿದಾ ಬರೆದ ಪಾತ್ರಗಳಿಗೆ ಮೂಗೇ ಇಲ್ಲ. ಮೊದಲು ವಿಚಿತ್ರ ಅನ್ನಿಸುತ್ತದೆ, ಆಮೇಲೆ ಗಮನಕ್ಕೇ ಬರುವುದಿಲ್ಲ. ಹಿತೋಶಿ ಸಾಕಿಮೊತೊ ಮತ್ತು ಮಸಹರು ಇವಾತಾ ಅವರ ಸಂಗೀತಕ್ಕೆ ಹೆಡ್‌ಫೋನ್ ಹಾಕಿಕೊಳ್ಳಿ. ಅದರ ಬಗ್ಗೆ ಅಷ್ಟು ಸಾಕು.

ಹೆಜ್ಜೆ 8: ರಿಯೊವೇನ್ಸ್ ಕೋಟೆಗೆ ಮೊದಲು ಎರಡು ಸೇವ್

ಇಡೀ ಗೇಮಿನಲ್ಲಿ ಅತಿ ಹೆಚ್ಚು ಬೈಗುಳ ತಿಂದ ಜಾಗ ಇದು. ಮೂರನೇ ಅಧ್ಯಾಯದ ಕೊನೆಯಲ್ಲಿ ಒಂದರ ಹಿಂದೆ ಒಂದು ಮೂರು ಕಾಳಗ. ಎರಡನೆಯದರಲ್ಲಿ ರಾಮ್ಜಾ ಒಬ್ಬನೇ ವೀಗ್ರಾಫ್ ಅನ್ನುವ ಬಲಿಷ್ಠ ಶತ್ರುವಿನ ಎದುರು ನಿಲ್ಲಬೇಕು. ನೀವು ಅವನನ್ನು ಮಂತ್ರ ಹಾಕುವ ತೆಳ್ಳಗಿನ ಮಾಂತ್ರಿಕನಾಗಿ ಬೆಳೆಸಿದ್ದರೆ ಮುಗಿಯಿತು. ಹಳೆಯ ಆವೃತ್ತಿಗಳಲ್ಲಿ ಕಾಳಗಗಳ ನಡುವೆ ಸೇವ್ ಮಾಡಲು ಕೇಳುತ್ತದೆ, ಆದರೆ ಹೊರಗಿನ ನಕ್ಷೆಗೆ ಹೋಗಲು ಬಿಡುವುದಿಲ್ಲ. ಒಂದೇ ಸೇವ್ ಇಟ್ಟುಕೊಂಡು ಅದರ ಮೇಲೆಯೇ ಬರೆದವರು ಆಟವನ್ನು ಮೊದಲಿಂದ ಶುರು ಮಾಡಬೇಕಾಗಿ ಬಂದಿದೆ. ಇದನ್ನು 'ಸವಾಲು' ಅಂತ ಸಮರ್ಥಿಸುವವರಿದ್ದಾರೆ. ನನಗೆ ಅದು ವಿನ್ಯಾಸದ ತಪ್ಪು, ಅಷ್ಟೇ.

ಕೋಟೆಯ ಬಾಗಿಲಿಗೆ ಹೋಗುವ ಮೊದಲು ಬೇರೆ ಜಾಗದಲ್ಲಿ ಒಂದು ಸೇವ್ ಇಡಿ. ಅದನ್ನು ಮುಟ್ಟಬೇಡಿ. ರಾಮ್ಜಾಗೆ ಗಟ್ಟಿ ಜಾಬ್ ಕೊಡಿ, ಅವನ ಸ್ವಂತ ಸ್ಕ್ವಯರ್ ವಿದ್ಯೆ ಮೊದಲ ಅಥವಾ ಎರಡನೇ ಜಾಗದಲ್ಲಿ ಇರಲೇಬೇಕು. ಅದರಲ್ಲಿ 'ಟೇಲ್‌ವಿಂಡ್' ಅನ್ನುವುದಿದೆ, ಹಳೆಯ ಹೆಸರು 'ಯೆಲ್'. ಒಂದು ಸಲ ಬಳಸಿದರೆ ಸ್ಪೀಡ್ 1 ಏರುತ್ತದೆ, ಅದು ಆ ಕಾಳಗ ಮುಗಿಯುವವರೆಗೂ ಇರುತ್ತದೆ. ವೀಗ್ರಾಫ್‌ನಿಂದ ದೂರ ಓಡುತ್ತಾ ಅದನ್ನೇ ಮತ್ತೆ ಮತ್ತೆ ಮಾಡಿ. ಸ್ವಲ್ಪ ಹೊತ್ತಿಗೆ ಅವನ ಒಂದು ಸರದಿಗೆ ನಿಮ್ಮದು ಎರಡಾಗುತ್ತದೆ, ಆಮೇಲೆ ಮೂರು. ಆಗ ತಿರುಗಿ ಬೀಳಿ.

ಪ್ರತಿಕ್ರಿಯೆಯ ಜಾಗಕ್ಕೆ ಕೆಮಿಸ್ಟ್‌ನ 'ಆಟೋ ಪೋಷನ್' ಹಾಕಿ. ಹಳೆಯ ಆವೃತ್ತಿಗಳಲ್ಲಿ ಇದು ಚೀಲದಲ್ಲಿರುವ ಅತಿ ಸಣ್ಣ ಪೋಷನ್ ಅನ್ನೇ ಮೊದಲು ತೆಗೆಯುತ್ತದೆ. ಹಾಗಾಗಿ ಸಾದಾ ಪೋಷನ್‌ಗಳನ್ನೆಲ್ಲ ಮಾರಿ, ದೊಡ್ಡವನ್ನು ಮಾತ್ರ ಇಟ್ಟುಕೊಳ್ಳಿ.

ಮೂರನೆಯ ಕಾಳಗ ಚಾವಣಿ ಮೇಲೆ. ನೀವು ಕಾಪಾಡಬೇಕಾದ ಹುಡುಗಿ ತಾನೇ ಶತ್ರುಗಳ ಬಾಯಿಗೆ ಓಡಿಹೋಗುತ್ತಾಳೆ. ಕೆಲವು ಸಲ ನಿಮ್ಮ ಮೊದಲ ಸರದಿಗೂ ಮುಂಚೆ ಸತ್ತಿರುತ್ತಾಳೆ. ಅಲ್ಲಿ ಎಲ್ಲರನ್ನೂ ಸೋಲಿಸುವ ಅಗತ್ಯ ಇಲ್ಲ. ಮಾರ್ಕ್ವಿಸ್ ಎಲ್ಮ್‌ಡೋರ್ ಮತ್ತು ಅವನ ಇಬ್ಬರು ಹಂತಕಿಯರಲ್ಲಿ ಯಾರಾದರೂ ಒಬ್ಬರು ಸಾವಿನ ಅಂಚಿಗೆ ಬಂದರೆ ಕಾಳಗ ಮುಗಿಯುತ್ತದೆ. ನಿಂಜಾಗಳಂಥ ವೇಗದವರನ್ನು ಕರೆದುಕೊಂಡು ಹೋಗಿ, ಎಲ್ಲರೂ ಒಬ್ಬರ ಮೇಲೇ ಬೀಳಿ.

ಹೆಜ್ಜೆ 9: ನಾಲ್ಕನೇ ಅಧ್ಯಾಯ ಸಪ್ಪೆ ಅನ್ನಿಸಿದರೆ

ಇಷ್ಟು ಕಷ್ಟಪಟ್ಟು ಬಂದ ಮೇಲೆ ಗೇಮ್ ಇದ್ದಕ್ಕಿದ್ದಂತೆ ಸುಲಭವಾಗುತ್ತದೆ. ಕಾರಣ ಸಿಡ್ ಓರ್ಲಾಂಡೊ. ಈ ಮುದುಕ ಎಲ್ಲ ಬಗೆಯ ಕತ್ತಿ ವಿದ್ಯೆಯನ್ನೂ ಕಲಿತೇ ಬರುತ್ತಾನೆ. ಅವನ ಕೈಯಲ್ಲಿರುವ ಎಕ್ಸ್‌ಕ್ಯಾಲಿಬರ್ ಅವನಿಗೆ ಸದಾ ಒಂದೂವರೆ ಪಟ್ಟು ಚುರುಕು ಕೊಡುತ್ತದೆ. ನೀವು ಅಷ್ಟು ದಿನ ಬೆಳೆಸಿದ ಹುಡುಗರು ನಿಂತು ನೋಡುತ್ತಾರೆ, ಇವನೊಬ್ಬನೇ ಕಾಳಗ ಮುಗಿಸುತ್ತಾನೆ.

ಅರಿತ್‌ಮೆಟಿಶಿಯನ್ ಇನ್ನೂ ಅತಿರೇಕ. 'ಲೆವೆಲ್ 4ರಿಂದ ಭಾಗವಾಗುವ ಎಲ್ಲರ ಮೇಲೂ ಹೋಲಿ ಮಂತ್ರ' ಅಂತ ಹೇಳಿದರೆ ನಕ್ಷೆಯ ಮೂಲೆ ಮೂಲೆಯಲ್ಲಿರುವವರಿಗೂ ಆ ಕ್ಷಣವೇ ತಾಗುತ್ತದೆ. ಕಾಯುವುದೂ ಇಲ್ಲ, ಮಂತ್ರಶಕ್ತಿಯ ಖರ್ಚೂ ಇಲ್ಲ. ನಿಮ್ಮವರಿಗೆ ಕೆಮೇಲಿಯನ್ ರೋಬ್ ತೊಡಿಸಿದರೆ ಅದೇ ಹೋಲಿ ಅವರಿಗೆ ಔಷಧಿ. ಮೇಲೆ ಹೇಳಿದ ಗಡಿಯಾರ, ಎತ್ತರ, ದಿಕ್ಕು ಎಲ್ಲವೂ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಮುರಾಯ್‌ನ ಕತ್ತಿ ಹಿಡಿದು ತಡೆಯುವ ಪ್ರತಿಕ್ರಿಯೆಯೂ ಹಾಗೆ. ಬ್ರೇವ್ 97 ಇದ್ದರೆ ಹೆಚ್ಚುಕಮ್ಮಿ ಯಾವ ಆಯುಧದ ಏಟೂ ತಾಗುವುದಿಲ್ಲ.

ಗೇಮ್ ಸಮತೋಲನ ಕಾಯಲಿಲ್ಲ, ನೀವೇ ಕಾಯಬೇಕು. ಸಿಡ್‌ನನ್ನು ಕೂರಿಸಿ. ಅರಿತ್‌ಮೆಟಿಶಿಯನ್ ಕಡೆ ಹೋಗಬೇಡಿ. ಇವೆರಡೇ ನಿಯಮ ಇಟ್ಟುಕೊಂಡರೆ ಕೊನೆಯ ಅಧ್ಯಾಯವೂ ಬಿಗಿಯಾಗಿ ಉಳಿಯುತ್ತದೆ. ಮುಂದಿನ ಕಾಳಗ ಎಷ್ಟು ಆಡಿದರೂ ದಾಟಲಾಗದಿದ್ದರೆ ಸಿಡ್‌ನನ್ನು ಎಬ್ಬಿಸಿ, ಯಾರೂ ಕೇಳುವುದಿಲ್ಲ.

ಹೆಜ್ಜೆ 10: ಕೊನೆಗೆ ಹೋಗುವ ಮೊದಲು ಊರೂರು ಸುತ್ತಿ

ಬಿಟ್ಟರೆ ಸಿಗದ ಉಪಕತೆಗಳು ಬಹಳಷ್ಟು ಇರುವುದು ನಾಲ್ಕನೇ ಅಧ್ಯಾಯದಲ್ಲೇ. ಅವಕ್ಕೆ ಬಾಣದ ಗುರುತು, ಪಟ್ಟಿ ಅಂತ ಕೈಹಿಡಿದು ತೋರಿಸುವುದನ್ನು ನಿರೀಕ್ಷಿಸಬೇಡಿ. ಪ್ರತಿ ಊರಿನ ಪಾನಗೃಹಕ್ಕೆ ಹೋಗಿ ವದಂತಿಗಳನ್ನು ಓದಿ. ಗೂಗ್ ಊರಿನ ಯಂತ್ರಗಳ ಕತೆ ನಡೆಯಬೇಕಾದರೆ ಬಂದೂಕಿನ ಮುಸ್ತಾಡಿಯೊ ಬದುಕಿರಬೇಕು, ತಂಡದಲ್ಲಿರಬೇಕು. ಅವನನ್ನು ಕಳೆದುಕೊಂಡರೆ ಬಾಗಿಲು ಮುಚ್ಚಿತು.

ಆ ಸರಣಿಯ ಕೊನೆಗೆ ಫೈನಲ್ ಫ್ಯಾಂಟಸಿ 7ರ ಕ್ಲೌಡ್ ಬಂದು ಸೇರುತ್ತಾನೆ. ದೊಡ್ಡ ಹೆಸರು, ಆದರೆ ಹಳೆಯ ಆವೃತ್ತಿಗಳಲ್ಲಿ ಬರುವುದು ಲೆವೆಲ್ 1ರಲ್ಲಿ. ಅವುಗಳಲ್ಲಿ ಅವನ ವಿದ್ಯೆಗೆ ಬೇಕಾದ ಮಟೀರಿಯಾ ಬ್ಲೇಡ್ ಅನ್ನುವ ಕತ್ತಿ ಯಾವ ಅಂಗಡಿಯಲ್ಲೂ ಇಲ್ಲ. ಕೆಮಿಸ್ಟ್‌ನ 'ಟ್ರೆಷರ್ ಹಂಟರ್' ನಡಿಗೆ ಕಲಿತವನನ್ನು ಬರ್ವೇನಿಯಾ ಜ್ವಾಲಾಮುಖಿಯ ತುತ್ತತುದಿಗೆ ಹತ್ತಿಸಿ, ಆ ಚೌಕದ ಮೇಲೆ ನಿಲ್ಲಿಸಬೇಕು. ಇಂಥ ಹುಡುಕಾಟದಲ್ಲಿ ಒಳ್ಳೆಯ ವಸ್ತು ಸಿಗುವ ಸಾಧ್ಯತೆ ಬ್ರೇವ್ ಕಡಿಮೆ ಇದ್ದಷ್ಟೂ ಜಾಸ್ತಿ. ಅದಕ್ಕಾಗಿಯೇ ಹಳಬರು ತಂಡದಲ್ಲಿ ಒಬ್ಬ ಪುಕ್ಕಲನನ್ನು ಸಾಕಿಕೊಂಡಿರುತ್ತಾರೆ. ನೀವೂ ಒಬ್ಬನನ್ನು ಇಟ್ಟುಕೊಳ್ಳಿ. ವಾರ್ಜಿಲಿಸ್ ಬಂದರಿನ ಆಚೆಯ ಕತ್ತಲ ಗುಹೆಗಳಲ್ಲಿ ಗೇಮಿನ ಅತ್ಯುತ್ತಮ ಆಯುಧಗಳು ಹೂತಿವೆ, ಅಲ್ಲೂ ಅವನೇ ಬೇಕು.

ಕತೆಯ ಕೊನೆಯ ಕಾಳಗಗಳು ಆರ್ಬೊನ್ ಮಠದ ನೆಲಮಾಳಿಗೆಯಲ್ಲಿ ಶುರುವಾಗುತ್ತವೆ. ಹಳೆಯ ಆವೃತ್ತಿಗಳಲ್ಲಿ ಅಲ್ಲಿಗೆ ಇಳಿದ ಮೇಲೆ ಹೊರಗೆ ಬರುವ ದಾರಿ ಇಲ್ಲ. ಉಪಕತೆ, ಗುಹೆ, ಅಂಗಡಿ ಎಲ್ಲ ಮುಗಿಸಿ, ರಿಯೊವೇನ್ಸ್‌ನಲ್ಲಿ ಮಾಡಿದ ಹಾಗೆ ಒಂದು ಸೇವ್ ಪಕ್ಕಕ್ಕಿಟ್ಟು, ಫೀನಿಕ್ಸ್ ಡೌನ್ ಚೀಲದ ತುಂಬ ತುಂಬಿಕೊಂಡು ಮೆಟ್ಟಿಲಿಳಿಯಿರಿ.